ಮಾಳಿಗೆಯ ಮೇಲಿನ ಹನ್ನೆರಡು ಮೆಣಸಿನಕಾಯಿ ಗಿಡಗಳು: ವಿಜಯಪುರದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ವಿಜಯಪುರದಲ್ಲಿರುವ ನನ್ನ ಅಕ್ಕ 2023ರ ಅಕ್ಟೋಬರ್‌ನಲ್ಲಿ ತನ್ನ ಮನೆಯ ಆರ್‌ಸಿಸಿ ಮಾಳಿಗೆಯ ಮೇಲೆ ಹನ್ನೆರಡು ಮೆಣಸಿನಕಾಯಿ ಗಿಡಗಳನ್ನು ಬೆಳೆಸತೊಡಗಿದಳು. ಚಳಿಗಾಲದಲ್ಲಿ ಚೆನ್ನಾಗಿ ಕಾಯಿ ಕೊಟ್ಟ ಅವೇ ಗಿಡಗಳು ಫೆಬ್ರುವರಿಯ ಕೊನೆಯಿಂದ ಹೂವು ಉದುರಿಸಲಾರಂಭಿಸಿ, ಏಪ್ರಿಲ್ ಹೊತ್ತಿಗೆ ಎಲೆ ಮುಟುರಿಕೊಂಡು, ಮೇ ತಿಂಗಳಲ್ಲಿ ಕಿತ್ತೆಸೆಯುವ ಸ್ಥಿತಿಗೆ ಬಂದವು. ಅವುಗಳಲ್ಲಿ ಒಂಬತ್ತು ಮರಳಿ ಚೇತರಿಸಿಕೊಂಡು ಎರಡನೆಯ ವರ್ಷವೂ ಕಾಯಿ ಬಿಟ್ಟವು. ಬಾಗಲಕೋಟೆಯಲ್ಲಿರುವ ನಾನು ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಮತ್ತು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಬರೆದಿಟ್ಟ ಹೂವಿನ ಲೆಕ್ಕ, ಇವೆರಡೂ ಈ ಬರವಣಿಗೆಗೆ ಆಧಾರ.

ಹನ್ನೆರಡರಲ್ಲಿ ಐದು ಬ್ಯಾಡಗಿ. ಚಟ್ನಿಗೆಂದು ತಂದ ಒಣ ಕಾಯಿಯ ಬೀಜವನ್ನೇ ಅಕ್ಕ ಬಿತ್ತಿದ್ದಳು. ಒಂಬತ್ತನೆಯ ದಿನಕ್ಕೆ ಮೊಳಕೆ ಕಂಡಿತು. ನಾಲ್ಕು, ನರ್ಸರಿಯಿಂದ ತಂದ ಜ್ವಾಲಾ ಸಸಿಗಳು. ಒಂದು ಲವಂಗಿ. ಉಳಿದೆರಡು, ಅಕ್ಕನ ಮಗ ಗೆಳೆಯನಿಂದ ಹಟ ಹಿಡಿದು ತಂದ ಭೂತ್ ಜೊಲೋಕಿಯಾ. 2007ರಲ್ಲಿ ಗಿನ್ನೆಸ್ ದಾಖಲೆಯವರು ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಒಪ್ಪಿಕೊಂಡಿದ್ದ, ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಹತ್ತು ಲಕ್ಷ ದಾಟುವ ಈಶಾನ್ಯ ರಾಜ್ಯಗಳ ತಳಿ ಅದು. ಬ್ಯಾಡಗಿಯದು ಇದಕ್ಕೆ ತೀರ ವಿರುದ್ಧವಾದ ಗುಣ. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಹೀಗೆ ಒಂದೇ ಮಾಳಿಗೆಯಲ್ಲಿ ಎರಡು ತುದಿಯ ತಳಿಗಳು ಇದ್ದುದರಿಂದ, ಬೇಸಿಗೆಯಲ್ಲಿ ಯಾವುದು ಹೇಗೆ ನಡೆದುಕೊಂಡಿತು ಎಂದು ಹೋಲಿಸಿ ನೋಡುವುದು ಸಾಧ್ಯವಾಯಿತು.

ಮಣ್ಣು, ಚೀಲ, ನೀರು

ಗಿಡಗಳನ್ನು ನೆಟ್ಟಿದ್ದು ಇಪ್ಪತ್ತು ಲೀಟರಿನ ಕಪ್ಪು ಗ್ರೋಬ್ಯಾಗುಗಳಲ್ಲಿ. ತುಂಬಿದ್ದು ಭಾವನವರ ಹೊಲದ ಕಪ್ಪು ಎರೆ ಮಣ್ಣು. "ಡೋಣಿ ಬೆಳೆದರೆ ಓಣೆಲ್ಲ ಕಾಳು" ಎನ್ನುವ ಡೋಣಿ ನದಿಯ ಸೀಮೆಯಲ್ಲಿ ಎರೆ ಮಣ್ಣಿನ ಬಗ್ಗೆ ಅಭಿಮಾನ ಇರುವುದು ಸಹಜವೇ. ಆದರೆ ಹೊಲದಲ್ಲಿ ಒಳ್ಳೆಯದಾದ ಮಣ್ಣು ಚೀಲದಲ್ಲಿಯೂ ಒಳ್ಳೆಯದೇ ಆಗಬೇಕೆಂದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಬಿರುಕು ಬಿಟ್ಟರೂ ಬೇರು ಇನ್ನೂ ಕೆಳಗಿನ ಹಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಚೀಲದೊಳಗಿನ ಒಂದಡಿ ಮಣ್ಣಿನಲ್ಲಿ ಅದು ಹೋಗುವುದೆಲ್ಲಿಗೆ? ಮಾರ್ಚ್‌ನಲ್ಲಿ ನಾನು ನೋಡಿದಾಗ ಮಣ್ಣಿನ ಮುದ್ದೆ ಇಟ್ಟಿಗೆಯಂತೆ ಗಟ್ಟಿಯಾಗಿ ಚೀಲದ ಅಂಚಿನಿಂದ ಬೆರಳು ತೂರುವಷ್ಟು ದೂರ ಸರಿದಿತ್ತು. ಅಕ್ಕ ತಂಬಿಗೆಯಿಂದ ಹಾಕಿದ ನೀರು ಆ ಸಂದಿನಲ್ಲಿ ಸರಸರನೆ ಇಳಿದು ಕೆಳಗಿನ ತೂತಿನಿಂದ ಹರಿದುಹೋಯಿತು. ಮುದ್ದೆಯ ನಡುವೆ ಕಡ್ಡಿ ಚುಚ್ಚಿ ತೆಗೆದರೆ ಕಡ್ಡಿಗೆ ಹಸಿ ಅಂಟಲಿಲ್ಲ. ದಿನಕ್ಕೆರಡು ಸಲ ನೀರು ಕಾಣುತ್ತಿದ್ದ ಗಿಡ ನಿಜವಾಗಿ ಬಾಯಾರಿತ್ತು.

ನೀರಿನ ಕಥೆಯೂ ಸರಳವಾಗಿರಲಿಲ್ಲ. ನಳದ ನೀರು ದಿನಾಲು ಬರುವುದಿಲ್ಲವಾದ್ದರಿಂದ ಅದು ಕುಡಿಯುವುದಕ್ಕೆ, ಅಡುಗೆಗೆ ಮೀಸಲು. ಗಿಡಗಳಿಗೆ ಬೋರಿನ ಸವಳು ನೀರು. ಅಕ್ಕನ ಮಗನ ಬಳಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಅಳೆಯುವ ಪೆನ್ನು ಇತ್ತು. ಬೋರಿನ ನೀರು 1,900, ನಳದ ನೀರು 300ರ ಆಸುಪಾಸು ತೋರಿಸಿತು. ಮೆಣಸಿನಕಾಯಿ ಉಪ್ಪನ್ನು ಹೆಚ್ಚು ತಾಳಿಕೊಳ್ಳುವ ಬೆಳೆಯಲ್ಲ. ಹತ್ತಿ, ಬಾರ್ಲಿ ತಾಳುವ ಉಪ್ಪಿನಂಶದ ಸುಮಾರು ಐದನೆಯ ಒಂದು ಭಾಗಕ್ಕೇ ಇದರ ಇಳುವರಿ ಕುಸಿಯತೊಡಗುತ್ತದೆ. ಚೀಲಗಳ ಹೊರಮೈಯಲ್ಲಿ, ತೂತುಗಳ ಸುತ್ತ, ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿದ್ದು ಜನವರಿಯಲ್ಲಿಯೇ ಕಂಡಿತ್ತು; ಎಲ್ಲರೂ ಅದನ್ನು ನೋಡಿದ್ದೆವು, ಯಾರೂ ಅದರ ಅರ್ಥವನ್ನು ಯೋಚಿಸಿರಲಿಲ್ಲ.

ಮೊದಲ ಚಿಕಿತ್ಸೆ ಮತ್ತು ಅದರ ಫಲ

ಕ್ಯಾಲೆಂಡರಿನ ಪ್ರಕಾರ ಫೆಬ್ರುವರಿ 20ರ ಸುಮಾರಿಗೆ ದಿನಕ್ಕೆ ಏಳೆಂಟು ಹೂವು ಉದುರುತ್ತಿದ್ದವು. ಮಾರ್ಚ್ ಮಧ್ಯದಲ್ಲಿ ಆ ಸಂಖ್ಯೆ ಐವತ್ತು ದಾಟಿತು, ಆ ಬಳಿಕ ಅಕ್ಕ ಎಣಿಸುವುದನ್ನೇ ಬಿಟ್ಟು "ಕಸಬರಿಗಿ" ಎಂದಷ್ಟೇ ಬರೆದಿದ್ದಾಳೆ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: "ಹೂ ಬರ್ತಾವ, ನಿಲ್ಲವಲ್ವು. ಗಿಡಕ್ಕ ರೋಗ ಹತ್ತೇತಿ, ಎಣ್ಣಿ ಹೊಡೀತೀನಿ."

ನಮ್ಮ ಕಡೆ ಎಣ್ಣೆ ಹೊಡೆಯುವುದೆಂದರೆ ಕೀಟನಾಶಕ ಸಿಂಪಡಿಸುವುದು. ಔಷಧದ ಅಂಗಡಿಯೊಂದರಲ್ಲಿ ಎಲೆಯನ್ನಾಗಲಿ ಹೂವನ್ನಾಗಲಿ ನೋಡದೆ, ಮೆಣಸಿನಕಾಯಿ ಎಂಬ ಒಂದೇ ಮಾತಿನ ಮೇಲೆ, ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವೊಂದನ್ನೂ ಹೂವು ನಿಲ್ಲಿಸುವ ಟಾನಿಕ್ಕೆಂದು ಇನ್ನೊಂದನ್ನೂ ಕೊಟ್ಟಿದ್ದರು. ಅಕ್ಕ ಎರಡನ್ನೂ ಒಂದೇ ಬಾಟಲಿಯಲ್ಲಿ ಕಲಸಿ, ಮನೆಗೆಲಸ ಮುಗಿಸಿ, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಹೊಡೆದಳು. ಮರುದಿನವೇ ಎಳೆಯ ಎಲೆಗಳ ಅಂಚು ಸುಟ್ಟು ಕಂದಾದವು. ಹೂವು ಉದುರುವುದು ನಿಲ್ಲಲಿಲ್ಲ. ಹತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆದಳು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ, ಅಲ್ಲಿಯವರೆಗೆ ಇಲ್ಲದಿದ್ದ ಎಲೆ ಮುಟುರು ಆರು ಗಿಡಗಳಲ್ಲಿ ಕಾಣಿಸಿಕೊಂಡಿತು.

ಈ ಎರಡನೆಯ ತೊಂದರೆ ಮೊದಲ ಚಿಕಿತ್ಸೆಯಿಂದಲೇ ಬೆಳೆದದ್ದೆಂಬುದು ನನ್ನ ಅಭಿಪ್ರಾಯ. ಪೈರೆಥ್ರಾಯ್ಡ್ ಕೀಟನಾಶಕಗಳು ಎಲೆಯನ್ನು ಮುಟುರಿಸುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೈಟ್ ನುಸಿಯನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಆ ನುಸಿಯನ್ನು ತಿಂದು ಹದ್ದುಬಸ್ತಿನಲ್ಲಿಡುವ ಪರಭಕ್ಷಕಗಳನ್ನು ಮಾತ್ರ ಚೆನ್ನಾಗಿ ಕೊಲ್ಲುತ್ತವೆ. ಕಾವಲುಗಾರರನ್ನು ಕಳೆದುಕೊಂಡ ಗಿಡದಲ್ಲಿ ನುಸಿ ಬೇಗ ಹೆಚ್ಚುತ್ತದೆ.

ಗಿಡಗಳ ತಪಾಸಣೆ

ಏಪ್ರಿಲ್ ಮೂರನೆಯ ವಾರ ನಾನು ಒಂದು ಕೈ ಭೂತಗನ್ನಡಿ, ಒಂದು ಬಿಳಿ ಹಾಳೆ ಮತ್ತು ಎರಡು ಉಷ್ಣಮಾಪಕಗಳೊಂದಿಗೆ ಎರಡು ದಿನ ಅಲ್ಲಿಯೇ ಉಳಿದೆ. ಮೊದಲು ಉದುರಿದ ಹೂವುಗಳನ್ನು ನೋಡಿದೆವು. ತೊಟ್ಟು ಹಳದಿಯಾಗಿ, ಗಿಡಕ್ಕೆ ಸೇರುವ ಗೆಣ್ಣಿನಲ್ಲಿ ಕತ್ತರಿಸಿದಂತೆ ಕಳಚಿದ್ದವು. ಒಳಗೆ ಹುಳವಿಲ್ಲ, ಕೊಳೆತವಿಲ್ಲ. ಅರಳಿದ ಹೂವುಗಳನ್ನು ಹಾಳೆಯ ಮೇಲೆ ಕುಟ್ಟಿದರೆ ಸೂಜಿಮೊನೆಯಷ್ಟು ಥ್ರಿಪ್ಸ್ ನುಸಿ ಒಂದೋ ಎರಡೋ ಬಿದ್ದವು, ಕೆಲವು ಹೂವುಗಳಿಂದ ಒಂದೂ ಬೀಳಲಿಲ್ಲ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ ಹೊರದೇಶದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಹಿಂಡಾಗಿ ಕುಳಿತುಕೊಳ್ಳುತ್ತದೆ, ಅಂಥದ್ದೇನೂ ಇಲ್ಲಿರಲಿಲ್ಲ. ಅಷ್ಟರಮಟ್ಟಿಗೆ ಹೂವಿನ ವಿಷಯದಲ್ಲಿ ಕೀಟ ನಿರಪರಾಧಿ.

ಉಷ್ಣಮಾಪಕ ಹೇಳಿದ್ದೇ ಬೇರೆ. ಹಗಲು ನೆರಳಿನಲ್ಲಿ 41 ಡಿಗ್ರಿ ಇದ್ದುದರಲ್ಲಿ ವಿಜಯಪುರದವರಿಗೆ ಆಶ್ಚರ್ಯವಿಲ್ಲ. ಆದರೆ ಬೆಳಗಿನ ಐದೂವರೆಗೂ ಗಿಡಗಳ ನಡುವೆ 28 ಡಿಗ್ರಿ ಇತ್ತು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಆ ಶಾಖವನ್ನು ಬಿಟ್ಟುಕೊಡುತ್ತಲೇ ಇತ್ತು. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಕಟ್ಟೆಗೆ ಒರಗಿಸಿದ್ದ ಕಪ್ಪು ಚೀಲದ ಅಂಚಿನ ಮಣ್ಣಿನಲ್ಲಿ ಎರಡಿಂಚು ಆಳಕ್ಕೆ ಮಾಪಕ ತೂರಿಸಿದಾಗ 46 ತೋರಿಸಿತು. ಬೇರಿಗೆ ಅದು ಕುದಿಯುವ ಎಸರಿಗೆ ಸಮ.

ಮೆಣಸಿನಕಾಯಿ ಬಿಸಿಲುನಾಡಿನ ಬೆಳೆಯೆಂಬುದು ಅರ್ಧ ಸತ್ಯ. ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ನಮಗೆ ಬಂದ ಈ ಅಮೆರಿಕದ ಗಿಡ ಬಿಸಿಲಿನಲ್ಲಿ ಬದುಕುತ್ತದೆ ನಿಜ, ಆದರೆ ಕಾಯಿ ಕಚ್ಚುವುದಕ್ಕೆ ಅದಕ್ಕೆ 20ರಿಂದ 30 ಡಿಗ್ರಿಯ ಹಗಲು ಮತ್ತು ತಂಪಾದ ರಾತ್ರಿ ಬೇಕು. ಹಗಲು 35 ದಾಟಿ ರಾತ್ರಿಯೂ ಸುಮಾರು 24ರ ಕೆಳಗೆ ಇಳಿಯದಿದ್ದರೆ ಪರಾಗದ ಶಕ್ತಿ ಕುಂದುತ್ತದೆ. ಹೂವು ಅರಳುತ್ತದೆ, ಗರ್ಭ ಕಟ್ಟುವುದಿಲ್ಲ, ಗಿಡ ಅದನ್ನು ಉದುರಿಸುತ್ತದೆ. ಅಂದರೆ ಅಕ್ಕ ರೋಗವೆಂದು ಎಣ್ಣೆ ಹೊಡೆದದ್ದು ಗಿಡದ ಲೆಕ್ಕಾಚಾರಕ್ಕೆ. ಬೇರು ಬೇಯುತ್ತಿರುವಾಗ, ನೀರು ಉಪ್ಪಾಗಿರುವಾಗ ಹೊರಲಾರದ ಕಾಯಿಯನ್ನು ಹೊರಲು ಅದು ಒಪ್ಪಿರಲಿಲ್ಲ, ಅಷ್ಟೆ.

ಎಲೆಗಳದು ಮಾತ್ರ ನಿಜವಾದ ಬಾಧೆ, ಅದೂ ಒಂದಲ್ಲ, ಮೂರು. ಮುಟುರು ರೋಗವೆಂಬ ಒಂದೇ ಹೆಸರಿನಡಿ ನಾವು ಇವನ್ನೆಲ್ಲ ಕೂಡಿಸಿಬಿಡುವುದರಿಂದ ಔಷಧವೂ ತಪ್ಪುತ್ತದೆ. ಎರಡು ಬ್ಯಾಡಗಿ ಗಿಡಗಳಲ್ಲಿ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿತ್ತು, ಅಡಿಭಾಗದಲ್ಲಿ ಬೆಳ್ಳಿಯ ಹೊಳಪಿನ ಗೀರುಗಳಿದ್ದವು. ಅದು ಥ್ರಿಪ್ಸ್ ಕೆಲಸ. ಇನ್ನೊಂದು ಬ್ಯಾಡಗಿ ಮತ್ತು ಎರಡು ಜ್ವಾಲಾಗಳಲ್ಲಿ ಅಂಚು ಕೆಳಕ್ಕೆ ಮಡಚಿ ದೋಣಿಯನ್ನು ಬೋರಲು ಹಾಕಿದಂತಿತ್ತು. ಎಲೆ ಕಿರಿದಾಗಿ, ಕಡುಹಸಿರಾಗಿ, ಮುರಿದರೆ ಹಪ್ಪಳದಂತೆ ಚಟ್ಟೆನ್ನುತ್ತಿತ್ತು, ತೊಟ್ಟು ಮಾತ್ರ ಇಲಿಯ ಬಾಲದಂತೆ ಉದ್ದವಾಗಿತ್ತು. ಬರಿಗಣ್ಣಿಗೆ ಏನೂ ಕಾಣದ ಆ ಎಲೆಯ ಅಡಿಯಲ್ಲಿ ಭೂತಗನ್ನಡಿ ಹಿಡಿದಾಗ ನರಗಳ ಪಕ್ಕ ಹಳದಿಮಿಶ್ರಿತ, ಪಾರದರ್ಶಕ ಚುಕ್ಕಿಗಳು ಮೆಲ್ಲನೆ ಸರಿಯುತ್ತಿದ್ದವು. ಅದು ಮೈಟ್ ನುಸಿ. ಅಕ್ಕ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಇಷ್ಟ ಸಣ್ಣದಕ್ಕ ಅಷ್ಟ್ ದೊಡ್ಡ ಬಾಟ್ಲಿ ತಂದೆನಲ್ಲ" ಎಂದಳು. ಕೊನೆಯ ಜ್ವಾಲಾ ಗಿಡದ್ದು ಬೇರೆಯೇ: ತುದಿಯ ಎಲೆಗಳೆಲ್ಲ ಸಣ್ಣಗಾಗಿ, ಹಳದಿ ಮಿಶ್ರ ಬಣ್ಣಕ್ಕೆ ತಿರುಗಿ, ಗೊಂಚಲಾಗಿ ನಿಂತುಬಿಟ್ಟಿದ್ದವು, ಅಲುಗಿಸಿದರೆ ಬಿಳಿನೊಣ ಹಾರಿದವು. ಬಿಳಿನೊಣ ಹರಡುವ ಎಲೆ ಮುಟುರು ನಂಜಿಗೆ ಔಷಧವಿಲ್ಲ. ಆ ಗಿಡವನ್ನು ಅಂದೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿದೆವು.

ಕೈಗೊಂಡ ಕ್ರಮಗಳು

ಮುಖ್ಯ ನಿರ್ಧಾರ ಒಂದೇ ಆಗಿತ್ತು: ಏಪ್ರಿಲ್, ಮೇ ತಿಂಗಳಲ್ಲಿ ಕಾಯಿಯ ಆಸೆ ಬಿಟ್ಟು ಗಿಡದ ಜೀವ ಉಳಿಸುವುದು. ಇದಕ್ಕೆ ಅಕ್ಕನನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೆಣಸಿನಕಾಯಿಯೆಂದರೆ ಒಂದು ಹಂಗಾಮಿನ ಬೆಳೆ, ಮುಗಿದ ಮೇಲೆ ಕೀಳುವುದೇ ರೂಢಿ ಎಂದು ಹೊಲದ ಮನೆಯಲ್ಲಿ ಬೆಳೆದ ನಮಗೆಲ್ಲ ಅನ್ನಿಸುತ್ತದೆ. ನೀರು ಮತ್ತು ಮಣ್ಣು ಸರಿಯಾಗಿದ್ದರೆ ಈ ಗಿಡ ಹಲವು ವರ್ಷ ಬದುಕುವ ಜಾತಿಯದು. ರೈತ ಕೀಳುವುದು ಇಳುವರಿಯ ಲೆಕ್ಕದಿಂದ, ಗಿಡದ ಆಯುಸ್ಸು ಮುಗಿದದ್ದರಿಂದಲ್ಲ.

ಚೀಲಗಳನ್ನು ಪಶ್ಚಿಮದ ಕಟ್ಟೆಯಿಂದ ತೆಗೆದು ನೀರಿನ ಟಾಕಿಯ ಪೂರ್ವದ ಮಗ್ಗುಲಿಗೆ ಸಾಗಿಸಿ, ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಟ್ಟೆವು. ಪ್ರತಿ ಚೀಲಕ್ಕೂ ಹಳೆಯ ಗೋಣಿತಟ್ಟು ಸುತ್ತಿದೆವು. ಬೆಳಿಗ್ಗೆ ನೀರು ಹಾಕುವಾಗ ಅದನ್ನೂ ತೋಯಿಸಿದರೆ ಮಧ್ಯಾಹ್ನದವರೆಗೆ ತಂಪು ಉಳಿಯುತ್ತಿತ್ತು. ಮೇಲೆ ಅರ್ಧ ಬಿಸಿಲು ತಡೆಯುವ ಹಸಿರು ಶೇಡ್‌ನೆಟ್, ಗಿಡಕ್ಕಿಂತ ನಾಲ್ಕಡಿ ಎತ್ತರದಲ್ಲಿ, ಗಾಳಿಯಾಡುವಂತೆ. ಮಣ್ಣಿನ ಮೇಲೆ ಎರಡಿಂಚು ದಪ್ಪ ಶೇಂಗಾ ಸಿಪ್ಪೆ. ವಾರದ ನಂತರ ಅದೇ ಮಾಪಕ ಚೀಲದ ಅಂಚಿನಲ್ಲಿ ಅದೇ ಹೊತ್ತಿಗೆ 35 ತೋರಿಸಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಆ ಗೋಣಿತಟ್ಟು.

ಬೇಸಿಗೆಯ ನಡುವೆ ಮಣ್ಣು ಬದಲಿಸಿದರೆ ಬೇರು ಹರಿಯುತ್ತದೆಂದು ಅದನ್ನು ಮಳೆಗಾಲಕ್ಕೆ ಮುಂದೂಡಿದೆವು. ಸದ್ಯಕ್ಕೆ ಸಂದುಗಳಿಗೆ ಮರಳು ಬೆರೆಸಿದ ತಿಪ್ಪೆಗೊಬ್ಬರ ತುಂಬಿ, ಪ್ರತಿ ಚೀಲಕ್ಕೂ ನಳದ ನೀರನ್ನು ಸುಮಾರು ನಲವತ್ತು ಲೀಟರಿನಷ್ಟು ನಿಧಾನವಾಗಿ ಹನಿಸಿ ಉಪ್ಪನ್ನು ತೊಳೆದೆವು. ನಳ ಬರುವ ದಿನ ನೋಡಿ ಎರಡೆರಡು ಚೀಲ ಮಾಡಿದ್ದರಿಂದ ಇದಕ್ಕೆ ಮೂರು ವಾರ ಹಿಡಿಯಿತು. ನಂತರ ಬೋರಿನ ನೀರಿಗೆ ನಳದ ನೀರನ್ನು ಸಮ ಪಾಲು ಬೆರೆಸಿ, ದಿನಕ್ಕೊಂದೇ ಸಲ, ಬೆಳಿಗ್ಗೆ ಏಳರೊಳಗೆ, ಕೆಳಗಿನಿಂದ ಸ್ವಲ್ಪ ಹರಿಯುವವರೆಗೆ ಹಾಕಲಾಯಿತು.

ಮೈಟ್ ನುಸಿಗೆ ಗಂಧಕದ ಪುಡಿ ಒಳ್ಳೆಯ ಮದ್ದು, ಆದರೆ 35 ಡಿಗ್ರಿ ದಾಟಿದ ಬಿಸಿಲಿನಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ. ಆದ್ದರಿಂದ ಮುಟುರಿದ ತುದಿಗಳನ್ನೆಲ್ಲ ಕತ್ತರಿಸಿ, ಗಿಡಗಳನ್ನು ಅರ್ಧ ಎತ್ತರಕ್ಕೆ ಸವರಿ, ಉಳಿದ ಎಲೆಗಳ ಅಡಿಭಾಗಕ್ಕೆ ಸಂಜೆ ನೀರಿನ ಪಿಚಕಾರಿ ಹೊಡೆಯುವುದು, ವಾರಕ್ಕೊಮ್ಮೆ ಸೂರ್ಯ ಮುಳುಗಿದ ಮೇಲೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸುವುದು, ಇಷ್ಟಕ್ಕೆ ನಿಲ್ಲಿಸಿದೆವು. ಗಂಧಕವನ್ನು ಲೀಟರಿಗೆ ಮೂರು ಗ್ರಾಂ ಪ್ರಮಾಣದಲ್ಲಿ ಹೊಡೆದದ್ದು ಜೂನ್‌ನಲ್ಲಿ, ಒಂದೇ ಸಲ.

ಫಲಿತಾಂಶ

ಮೇ ತಿಂಗಳಲ್ಲಿ ಒಂದು ಬ್ಯಾಡಗಿ ಒಣಗಿತು. ಮೈಟ್ ನುಸಿ ಹತ್ತಿದ್ದ ಗಿಡವೇ ಅದು, ಸವರಿದ ಮೇಲೆ ಚಿಗುರಲೇ ಇಲ್ಲ. ಉಳಿದವು ಬೋಳು ಕಡ್ಡಿಗಳಂತೆ ನಿಂತಿದ್ದವು. ಮೇಲೆ ಬಂದ ನೆರೆಮನೆಯ ಕಾಕಿ, "ಕಟಗಿಗೆ ದಿನಾ ನೀರ ಹಾಕ್ತೀಯಲ್ಲವಾ" ಎಂದು ನಕ್ಕು ಹೋದರು.

ಮಿರಗ (ಮೃಗಶಿರಾ) ಮಳೆ ಹಿಡಿದ ಮೇಲೆ ಗೆಣ್ಣುಗೆಣ್ಣಿಗೆ ಚಿಗುರೊಡೆಯಿತು, ಜೂನ್ ಕೊನೆಗೆ ಹೂವು ಬಂದವು. ಆದರೆ ಮೊದಲ ಹೂವುಗಳೂ ಉದುರಿದಾಗ ಅಕ್ಕ ತೀರ ನಿರಾಶಳಾದಳು. ಇದಕ್ಕೂ ಕಾರಣವಿತ್ತು. ಪರಾಗ ರೂಪುಗೊಳ್ಳುವುದು ಹೂವು ಅರಳುವ ದಿನವಲ್ಲ, ಅದಕ್ಕೆ ಸುಮಾರು ಎರಡು ವಾರ ಮೊದಲು, ಎಳೆಯ ಮೊಗ್ಗಿನೊಳಗೆ. ನಡುವೆ ಮಳೆ ಬಿಡುವು ಕೊಟ್ಟ ಸೆಕೆಯ ದಿನಗಳಲ್ಲಿ ಕಟ್ಟಿದ ಮೊಗ್ಗುಗಳು ತಂಪಾದ ಮೇಲೆ ಅರಳಿದರೂ ಬರಡೇ. ಜುಲೈ ಎರಡನೆಯ ವಾರದಲ್ಲಿ, ರಾತ್ರಿ 22ಕ್ಕೆ ಇಳಿದ ಬಳಿಕ ಕಟ್ಟಿದ ಮೊಗ್ಗುಗಳು ಅರಳಿದಾಗ, ಮೊದಲು ಲವಂಗಿ, ಆಮೇಲೆ ಜ್ವಾಲಾ, ಕೊನೆಗೆ ಬ್ಯಾಡಗಿ ಕಾಯಿ ಹಿಡಿದವು. ಆಗಸ್ಟ್‌ನಿಂದ ಮನೆಗೆ ಹಸಿಮೆಣಸಿನಕಾಯಿ ಕೊಳ್ಳುವುದು ನಿಂತಿತು.

ಅದೇ ಜುಲೈನಲ್ಲಿ ಮಣ್ಣು ಬದಲಿಸಿದೆವು: ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಎರೆ, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಮರಳು. ಒಂದು ಜೊಲೋಕಿಯಾವನ್ನು ಮಾತ್ರ ಮುಟ್ಟಬಾರದೆಂದು ಅಕ್ಕನ ಮಗ ಹಳೆಯ ಎರೆಯಲ್ಲಿಯೇ ಬಿಟ್ಟ. ಮೂರು ದಿನ ಬಿಡದೆ ಸುರಿದ ಮಳೆಗೆ ಚೀಲದಲ್ಲಿ ನೀರು ನಿಂತು, ಹಸಿರೆಲೆ ಹಸಿರಾಗಿಯೇ ಜೋತುಬಿದ್ದು ಅದು ಸತ್ತಿತು. ಕಿತ್ತು ನೋಡಿದರೆ ಬೇರು ಕಂದಾಗಿ ಕೊಳೆತು, ಹಿಡಿದರೆ ಸಿಪ್ಪೆ ಕೈಗೆ ಬರುತ್ತಿತ್ತು.

ಉಳಿದ ಜೊಲೋಕಿಯಾ ಅಕ್ಟೋಬರ್‌ನಲ್ಲಿ ಹದಿನಾಲ್ಕು ಕಾಯಿ ಬಿಟ್ಟಿತು. ದಸರೆಯ ನಂತರ ಕೆಂಪು ಕಾಯಿಯ ರಂಜಕ (ಖಾರದ ಚಟ್ನಿ) ಕುಟ್ಟುವಾಗ ಅಕ್ಕ ಬ್ಯಾಡಗಿಯ ಜೊತೆ ಅದರ ಮೂರು ಕಾಯಿಗಳನ್ನು ಬರಿಗೈಯಿಂದ ಸೀಳಿ ಹಾಕಿದಳು. ಖಾರದ ಕ್ಯಾಪ್ಸೈಸಿನ್ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಸೀಳುವಾಗ ಬೆರಳು ತಾಗಿದ್ದು ಅಲ್ಲಿಗೇ. ಅದು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನಳದ ಕೆಳಗೆ ಎಷ್ಟು ಹೊತ್ತು ಕೈ ಹಿಡಿದರೂ ಉರಿ ಇಳಿಯಲಿಲ್ಲ. ಶೇಂಗಾ ಎಣ್ಣೆ ತಿಕ್ಕಿ ಸೋಪು ಹಾಕಿ ತೊಳೆದು, ಮತ್ತೆ ಎಣ್ಣೆ ತಿಕ್ಕಿ ತೊಳೆದ ಮೇಲೆ ಸಹಿಸುವಷ್ಟಾಯಿತು. ಆ ರಂಜಕವನ್ನು ಭಾವನವರು ಗಟ್ಟಿ ಮೊಸರಿನಲ್ಲಿ ಕಲಸಿಕೊಂಡು ರೊಟ್ಟಿಯೊಂದಿಗೆ ಎರಡು ತಿಂಗಳು ತಿಂದರು.

ಆ ವರ್ಷದ ಬ್ಯಾಡಗಿಯೂ ಎಂದಿಗಿಂತ ಖಾರವಿತ್ತು. ಜೊಲೋಕಿಯಾದ ಪಕ್ಕದಲ್ಲಿದ್ದುದರಿಂದ ಗಾಳಿ ತಾಗಿತೆಂದು ಕಾಕಿಯವರು ತೀರ್ಪು ಕೊಟ್ಟರು. ಇದು ಬಹಳ ಮನೆಗಳಲ್ಲಿ ಕೇಳುವ ಮಾತು. ಪಕ್ಕದ ಗಿಡದ ಪರಾಗ ಬಿದ್ದರೆ ಬದಲಾಗುವುದು ಒಳಗಿನ ಬೀಜ, ಅದನ್ನು ಬಿತ್ತಿ ಬೆಳೆದ ಮುಂದಿನ ಗಿಡದ ಕಾಯಿ. ಈ ಕಾಯಿಯ ತಿರುಳು ತಾಯಿಗಿಡದ್ದೇ. ಬ್ಯಾಡಗಿಯ ಖಾರ ಏರಿದ್ದಕ್ಕೆ ನಾನು ಕಾರಣವೆನ್ನುವುದು ಸೆಪ್ಟೆಂಬರ್‌ನಲ್ಲಿ ಅಕ್ಕ ಹತ್ತು ದಿನ ತೀರ್ಥಯಾತ್ರೆಗೆ ಹೋದಾಗ ಗಿಡಗಳು ಕಂಡ ನೀರಿನ ಕೊರತೆಯನ್ನು; ಬಾಯಾರಿದ ಗಿಡದ ಕಾಯಿಯಲ್ಲಿ ಖಾರ ಹೆಚ್ಚುವುದುಂಟು. ಬೀಜಕ್ಕಾಗಿ ಮಾತ್ರ ಒಂದು ಬ್ಯಾಡಗಿಯ ಟೊಂಗೆಗೆ, ಮೊಗ್ಗು ಅರಳುವ ಮೊದಲೇ, ಹಳೆಯ ಸೊಳ್ಳೆಪರದೆಯ ಚೀಲ ಕಟ್ಟಿ ಎರಡು ಕಾಯಿ ಹಣ್ಣು ಮಾಡಿಕೊಂಡೆವು.

ಎರಡನೆಯ ಬೇಸಿಗೆ

2025ರಲ್ಲಿ ಶಿವರಾತ್ರಿಯ ವಾರವೇ ಶೇಡ್‌ನೆಟ್ ಏರಿತು, ಗೋಣಿತಟ್ಟು ಸುತ್ತಿದ್ದಾಯಿತು, ಗಿಡಗಳನ್ನು ಸವರಿದ್ದಾಯಿತು. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟ ಎರಡು ಡ್ರಮ್ಮು ಮಾರ್ಚ್ ಕೊನೆಯವರೆಗೆ ಬಂದವು. ಔಷಧದ ಅಂಗಡಿಗೆ ಹೋಗುವ ಪ್ರಮೇಯ ಬರಲಿಲ್ಲ. ಕ್ಯಾಲೆಂಡರಿನ ಏಪ್ರಿಲ್ 18ರ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕ ಅಕ್ಕ ಬರೆದಿದ್ದಾಳೆ: "ಹೂ 31 ಬಿದ್ದವು. ಬೀಳಲಿ." ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಟಾಕಿಯ ನೆರಳಿಗೆ ಎಲ್ಲಕ್ಕಿಂತ ಹತ್ತಿರವಿರುವ ಲವಂಗಿಯಲ್ಲಿ ನಾಲ್ಕು ಕಾಯಿ ನಿಂತಿವೆಯೆಂದು ಬರೆದು, ಎರಡು ಸಲ ಗೀಟು ಎಳೆದಿದ್ದಾಳೆ.